ನಾಲ್ಕು ಮಾತಿನಲ್ಲಿ ಒಂದು ಡಾಕ್ಟರದು

ಬೀದರ
೧೨ ಜುಲೈ ೨೦೨೪

ಔರಾದಿನ ಅಕ್ಕನವರಿಗೆ ಬೀದರದಿಂದ ಶೈಲಶ್ರೀಯ ಶರಣಾರ್ಥಿ.

ಫೋನು ಹಚ್ಚಿದರೆ ನೀವು "ಹಲೋ, ಯಾರ್ರಿ, ಜೋರ್ ಮಾತಾಡ್ರಿ" ಎಂದು ಹತ್ತು ಸಲ ಹೇಳಿ ಇಟ್ಟುಬಿಡುತ್ತೀರಿ. ಕಿವಿಗೆ ಮಶೀನು ಹಾಕಿಸಿಕೊಳ್ಳಿರೆಂದು ನಮ್ಮ ಮನೆಯವರು, ನಿಮ್ಮ ತಮ್ಮ, ಹೇಳಿ ಹೇಳಿ ಸೋತರು. ಅದಕ್ಕೆ ಬರೆದು ತಿಳಿಸುತ್ತಿದ್ದೇನೆ. ಜೀಪಿನ ಹಾವಗೆಪ್ಪ ನಾಳೆ ಔರಾದಿಗೆ ಬಂದಾಗ ಇದನ್ನು ನಿಮ್ಮ ಕೈಗೆ ಕೊಡುತ್ತಾನೆ. ಉತ್ತರವನ್ನೂ ಅವನ ಕೈಯಲ್ಲೇ ಕಳಿಸಿರಿ.

ಎರಡು ವಾರದ ಹಿಂದೆ ನನ್ನ ತವರು ಹಲಬರ್ಗಾಕ್ಕೆ, ಅಣ್ಣನ ಮೊಮ್ಮಗನ ತೊಟ್ಟಿಲು ಕಾರ್ಯಕ್ಕೆ ಹೋಗಿದ್ದೆವು. ಉಂಡು ಏಳುವಾಗ ನಿಮ್ಮ ತಮ್ಮನಿಗೆ ಕಣ್ಣು ಕತ್ತಲೆ ಬಂತು, ಗೋಡೆ ಹಿಡಿದು ನಿಂತರು. ಅಲ್ಲಿಂದ ಭಾಲ್ಕಿಯ ಡಾಕ್ಟರ ಕಡೆ ಕರೆದುಕೊಂಡು ಹೋದೆವು. ಅವರು ಎದೆಗೆ ಹಚ್ಚುವ ಮಶೀನನ್ನು ಕುತ್ತಿಗೆಗೆ ಹಚ್ಚಿ ಬಹಳ ಹೊತ್ತು ಕೇಳಿದರು, ಆಮೇಲೆ ಹೈದರಾಬಾದಿಗೆ ಬರೆದುಕೊಟ್ಟರು. ಅಲ್ಲಿ ಸ್ಕ್ಯಾನ್ ಆಯಿತು. ಕುತ್ತಿಗೆಯಲ್ಲಿ ಮಿದುಳಿಗೆ ರಕ್ತ ಒಯ್ಯುವ ಎಡಗಡೆಯ ನರದೊಳಗೆ ಕೊಬ್ಬು ಕೂತು, ನೂರರಲ್ಲಿ ಎಂಬತ್ತು ಪಾಲು ಮುಚ್ಚಿದೆಯಂತೆ. ಅದರ ಒಂದು ಚೂರು ಕಿತ್ತು ಮೇಲೆ ಹೋದರೆ ಲಕ್ವ ಹೊಡೆಯುತ್ತದೆ.

ಆಗಸ್ಟ್ ೨೩ಕ್ಕೆ ತಾರೀಖು ಕೊಟ್ಟಿದ್ದಾರೆ. ಕುತ್ತಿಗೆ ಕೊಯ್ಯುವುದಿಲ್ಲ. ತೊಡೆಯ ನರದಿಂದ ಒಂದು ತಂತಿ ಏರಿಸಿ, ಮುಚ್ಚಿದ ಜಾಗವನ್ನು ದಾಟಿಸಿ, ಅದರಾಚೆ ಒಂದು ಪುಟ್ಟ ಛತ್ರಿ ಬಿಚ್ಚುತ್ತಾರೆ. ಆಮೇಲೆ ಬಲೂನು ಉಬ್ಬಿಸಿ ಜಾಗ ಮಾಡಿ, ಅಲ್ಲಿ ಸ್ಟೆಂಟ್ ಕೂರಿಸುತ್ತಾರೆ. ಆಗ ಉದುರಿದ ಚೂರುಗಳು ಛತ್ರಿಯೊಳಗೆ ಬೀಳುತ್ತವೆ, ಮಿದುಳಿಗೆ ಹೋಗುವುದಿಲ್ಲ. ಕೊನೆಗೆ ಛತ್ರಿ ಮಡಚಿ ಹೊರಗೆ ತೆಗೆಯುತ್ತಾರೆ. ಅಲ್ಲಿಯವರೆಗೆ ರಕ್ತ ತೆಳುವಾಗಿಸುವ ಎರಡು ಗುಳಿಗೆ ಒಂದು ದಿನವೂ ತಪ್ಪಬಾರದು. ಅವನ್ನು ನಾನೇ ಕೈಯಾರೆ ಕೊಡುತ್ತಿದ್ದೇನೆ.

ಅಮಾವಾಸ್ಯೆಗೆ ಗಂಜಿನ ಧಾನ್ಯದ ಪೇಟೆಯಲ್ಲಿ ಅಂಗಡಿ ಬಂದ್ ಇರುತ್ತದೆಂದು ಪ್ರತಿ ತಿಂಗಳು ನಿಮ್ಮ ಕಡೆ ಕುತ್ತಿಗೆ ಒತ್ತಿಸಿಕೊಳ್ಳಲು ಓಡಿ ಬರುತ್ತಾರಲ್ಲ, ಅದರ ಸಲುವಾಗಿಯೇ ಮುಖ್ಯವಾಗಿ ಬರೆಯುತ್ತಿರುವುದು. ಹೋದ ಅಮಾವಾಸ್ಯೆಗೆ ಹೈದರಾಬಾದಿನಲ್ಲಿ ಇದ್ದುದರಿಂದ ಬರಲಾಗಲಿಲ್ಲ. ಡಾಕ್ಟರು ನಾಲ್ಕು ಮಾತು ಹೇಳಿದ್ದಾರೆ. ಒಂದು, ಔರಾದಿನ ಹಾದಿಯಲ್ಲಿ ಪ್ರಯಾಣ ಮಾಡಬಾರದು. ಎರಡು, ಬೇರೆಯವರ ಮನೆಯಲ್ಲಿ ಉಣ್ಣಬಾರದು. ಮೂರು, ಅಮಾವಾಸ್ಯೆಯಂತಹ ದಿನ ಮನೆ ಬಿಟ್ಟು ಹೊರಡಬಾರದು. ನಾಲ್ಕು, ಕುತ್ತಿಗೆಯನ್ನು ಯಾರೂ ಒತ್ತಬಾರದು, ತಿಕ್ಕಬಾರದು. ಇನ್ನು ಮೇಲೆ ಅವರ ಕುತ್ತಿಗೆ ನಿಮ್ಮ ಕೈಗೆ ಸಿಗುವುದಿಲ್ಲ ಅಕ್ಕಾರ. ಬೇಸರ ಮಾಡಿಕೊಳ್ಳಬೇಡಿರಿ, ಡಾಕ್ಟರ ಮಾತು.

ನಿಮ್ಮ ಮೊಣಕಾಲಿನ ನೋವು ಕಡಿಮೆಯಾಗಿರಬಹುದು.

ಶೈಲಶ್ರೀ


ಔರಾದ
೧೬ ಜುಲೈ ೨೦೨೪

ಶೈಲಶ್ರೀಗೆ,

ಕಾಗದ ಬಂತು. ಮೊದಲ ಅರ್ಧ ಓದಿ ನನ್ನ ಕೈಕಾಲು ತಣ್ಣಗಾದವು. ಎರಡನೆಯ ಅರ್ಧ ಓದಿ ಮತ್ತೆ ಬಿಸಿಯಾದವು. ಇಂಥ ಸುದ್ದಿಯನ್ನು ಎರಡು ವಾರ ಇಟ್ಟುಕೊಂಡು ಆಮೇಲೆ ತಿಳಿಸುತ್ತೀಯಲ್ಲ, ನಾನು ಅವನಿಗೆ ಯಾರು, ಗಂಜಿಗೆ ತೊಗರಿ ಮಾರಲು ಬಂದವಳೇ? ಹಲಬರ್ಗಾದ ನಿನ್ನ ತವರಿಗೆಲ್ಲ ಅದೇ ದಿನ ಗೊತ್ತು, ಭಾಲ್ಕಿಗೆ ಗೊತ್ತು, ಹೈದರಾಬಾದಿಗೆ ಗೊತ್ತು. ಎತ್ತಿ ಆಡಿಸಿದ ಅಕ್ಕನಿಗೆ ಜೀಪಿನಲ್ಲಿ ಚೀಟಿ.

ಮೂವತ್ತೆರಡು ವರ್ಷ ಸಾಲಿ ಕಲಿಸಿದವಳು ನಾನು. ಮಕ್ಕಳು ಬರೆದ ಉತ್ತರದಲ್ಲಿ ಯಾವುದು ಪುಸ್ತಕದ್ದು, ಯಾವುದು ಸ್ವಂತದ್ದು ಎಂದು ನೋಡಿದ ಕೂಡಲೇ ತಿಳಿಯುತ್ತದೆ. ಆದರೂ ಅನುಮಾನ ಬೇಡವೆಂದು ನಮ್ಮ ಓಣಿಯ ಔಷಧಿ ಅಂಗಡಿಯ ಮುನೀರೋದ್ದೀನನನ್ನು ಕೇಳಿದೆ. ಅವನು ನನ್ನ ಶಿಷ್ಯ. ಇಂಥ ರೋಗಿಯು ಪ್ರಯಾಣ ಮಾಡಬಹುದೇ ಎಂದೆ. "ಯಾಕ ಮಾಡಬಾರ್ದ್ರಿ? ಹೈದರಾಬಾದಿಗಿ ನಡಕೋತ ಹೋಗಿ ಬಂದಾರೇನು?" ಅಂದ. ಅಕ್ಕನ ಮನೆಯಲ್ಲಿ ಉಣ್ಣಬಹುದೇ ಎಂದೆ. "ಎಣ್ಣಿ ಉಪ್ಪು ಕಮ್ಮಿ ಇದ್ರ ಎಲ್ಲಿ ಬೇಕಾದ್ರೂ ಉಣ್ಲಿ" ಅಂದ. ಅಮಾವಾಸ್ಯೆಯ ಮಾತು ಎತ್ತಿದ್ದಕ್ಕೆ ನಕ್ಕುಬಿಟ್ಟ. "ಅಮಾಸಿ ನೋಡೋ ಡಾಕ್ಟರ್ ಯಾವ ಊರಾಗ ಅದಾನ್ರಿ ಟೀಚರ್? ಅಲ್ಲಿಗಿ ನಾನೂ ಹೋಗಿ ತೋರಿಸ್ಕೋತೇನಿ" ಅಂದ.

ನಿನ್ನ ನಾಲ್ಕು ಮಾತಿನಲ್ಲಿ ಮೂರು ಮನೆಯಲ್ಲೇ ಹೊಲಿದದ್ದು. ನಾಲ್ಕನೆಯದೂ ಅದೇ ಥಾನಿನ ಬಟ್ಟೆ.

ಅವ್ವ ಸತ್ತಾಗ ಮಲ್ಲುಗೆ ನಾಲ್ಕು ವರ್ಷ, ನನಗೆ ಹನ್ನೆರಡು. ಈಗ ಗಂಜಿನಲ್ಲಿ ಅವನನ್ನು ಮಲ್ಲಿಕಾರ್ಜುನಪ್ಪ ಸಾವುಕಾರರು ಅನ್ನುತ್ತಾರೆ. ಹದಿನೇಳನೆಯ ವಯಸ್ಸಿನಲ್ಲಿ ಅದೇ ಗಂಜಿನಲ್ಲಿ ಅವನು ಚೀಲ ಹೊರುತ್ತಿದ್ದ. ಕತ್ತು ಹೊರಳಿಸಲು ಬಾರದೆ ಅಳುತ್ತ ಬಂದಾಗ ಕುಸುಬಿ ಎಣ್ಣೆ ಬೆಚ್ಚಗೆ ಮಾಡಿ ಒತ್ತಿ ಒತ್ತಿ ನೆಟ್ಟಗೆ ಮಾಡಿದ ಕೈ ಇದು. ಈ ಕೈಗೆ ಗುಣ ಇದೆ ಎಂದು ಊರ ಹಮಾಲರು ಈಗಲೂ ನನ್ನ ಕಟ್ಟೆಗೆ ಬಂದು ಕೂಡುತ್ತಾರೆ. ಆ ಕುತ್ತಿಗೆ ಯಾರದೆಂದು ನೀನು ನನಗೆ ತಿಳಿಸಬೇಕಾಗಿಲ್ಲ.

ಆಗಸ್ಟ್ ನಾಲ್ಕಕ್ಕೆ ಅಮಾವಾಸ್ಯೆ. ಅವನನ್ನು ಕಳಿಸು.

ಸುಂದರಬಾಯಿ


ಬೀದರ
೨೬ ಜುಲೈ ೨೦೨೪

ಅಕ್ಕನವರಿಗೆ,

ನಿಮ್ಮ ಕಾಗದ ಹತ್ತು ದಿನ ಇಟ್ಟುಕೊಂಡು ಇವತ್ತು ಉತ್ತರ ಬರೆಯುತ್ತಿದ್ದೇನೆ. ಮೊದಲೇ ಬರೆದಿದ್ದರೆ ಬರೆಯಬಾರದ್ದು ಬರೆಯುತ್ತಿದ್ದೆ.

ನಾಲ್ಕೂ ಮಾತು ಡಾಕ್ಟರದೇ. ಔಷಧಿ ಅಂಗಡಿಯವರಿಗೆ ಏನು ತಿಳಿಯುತ್ತದೆ? ಡಾಕ್ಟರು ಎದುರಿಗೆ ಕೂತು ಹೇಳಿದ್ದನ್ನು ಕೇಳಿದವಳು ನಾನು, ನೀವಲ್ಲ.

ಇನ್ನು ಕುತ್ತಿಗೆಯ ಮಾತು. ಮೂವತ್ತಮೂರು ವರ್ಷದಿಂದ ಅಮಾವಾಸ್ಯೆಯ ಮರುದಿನ ಅವರ ಅಂಗಿಯ ಕಾಲರಿನ ಎಣ್ಣೆ ತಿಕ್ಕಿ ತೊಳೆಯುತ್ತ ಬಂದವಳು ನಾನು. ಕುಸುಬಿ ಎಣ್ಣೆಯ ವಾಸನೆ ಬಂದರೆ ನನಗೆ ಊಟ ಸೇರುವುದಿಲ್ಲ. ಔರಾದಿನಿಂದ ಬಂದ ದಿನ ಅವರು ಹತ್ತು ವರ್ಷ ಚಿಕ್ಕವರಾಗಿ ಬರುತ್ತಾರೆ, ಹಾಡಿಕೊಳ್ಳುತ್ತಾರೆ. ನನ್ನ ಮನೆಯಲ್ಲಿ ಇಪ್ಪತ್ತೊಂಬತ್ತು ದಿನ ಸುಮ್ಮನೆ ಇದ್ದವರು. ಮದುವೆಯಾದ ಹೊಸದರಲ್ಲಿ ಒಮ್ಮೆ ನಾನೂ ಎಣ್ಣೆ ಹಚ್ಚಿಕೊಂಡು ಕೈ ಇಟ್ಟಿದ್ದೆ. "ಬಿಡು, ನಿನಗ ಬರಂಗಿಲ್ಲ" ಅಂದರು. ಸಿಟ್ಟಿನಿಂದಲ್ಲ, ನಗುತ್ತಲೇ ಅಂದರು. ಆಮೇಲೆ ನಾನು ಆ ಕುತ್ತಿಗೆಯನ್ನು ಮುಟ್ಟಿಲ್ಲ. ನೀವು ಎತ್ತಿ ಆಡಿಸಿದ್ದೀರಿ, ಒಪ್ಪುತ್ತೇನೆ. ಆದರೆ ನನಗೂ ಒಂದು ಜಾಗ ಬಿಡಬೇಕಾಗಿತ್ತು.

ಅವರು ಬರುತ್ತಾರೆ. ನಾನು ಬೇಡವೆಂದರೆ ನಿಲ್ಲುವವರಲ್ಲ. ಕೈ ತುರಿಸಿದರೆ ಕಾಲು ಒತ್ತಿರಿ. ಕುತ್ತಿಗೆ ಬೇಡ.

ಶೈಲಶ್ರೀ


ಔರಾದ
೫ ಆಗಸ್ಟ್ ೨೦೨೪

ಶೈಲಶ್ರೀಗೆ,

ಮಲ್ಲು ನಿನ್ನೆ ಬಂದು ಹೋದ. ಬೇಳೆ ಹುಗ್ಗಿ ಉಂಡ, ಸ್ವಲ್ಪ ಒರಗಿದ. ನೀನು ಹೇಳಿದ ಹಾಗೆ ಕಾಲು ಒತ್ತಿದೆ. ಮೋಡ ಆಗಿತ್ತೆಂದು ನಾನೇ ಅವನ ಮೋಟರ್ ಸೈಕಲ್ ಇಲ್ಲಿ ಇರಿಸಿಕೊಂಡು ಹಾವಗೆಪ್ಪನ ಜೀಪಿನಲ್ಲಿ ಕೂರಿಸಿ ಕಳಿಸಿದೆ. ಸುಖವಾಗಿ ಮುಟ್ಟಿರಬೇಕು.

ಊಟ ಸರಿಯಾಗಿ ಮಾಡುತ್ತಾನೆಯೇ? ತುತ್ತು ಕೈಯಲ್ಲಿ ನಿಲ್ಲುತ್ತದೆಯೇ? ಸುಮ್ಮನೆ ಕೇಳಿದೆ. ಗುಳಿಗೆ ತಪ್ಪಿಸಬೇಡ.

ಪಂಚಮಿಗೆ ನನಗೆ ಬರಲಾಗುವುದಿಲ್ಲ, ಮೊಣಕಾಲು ನೋವು. ಮಲ್ಲು ಕರೆಯಲು ಬರುವುದೂ ಬೇಡ.

ಸುಂದರಬಾಯಿ


ಬೀದರ
೧೧ ಆಗಸ್ಟ್ ೨೦೨೪

ಅಕ್ಕನವರಿಗೆ,

ಪಂಚಮಿಯ ಉಂಡಿ ಕಳಿಸಿದ್ದೇನೆ. ಎಳ್ಳಿನವು ಮೇಲೆ ಇವೆ, ಶೇಂಗಾದವು ಕೆಳಗೆ. ನೀವು ಬರದೆ ನಿಮ್ಮ ತಮ್ಮ ಜೋಕಾಲಿ ಕಟ್ಟಲಿಲ್ಲ. ನಾನಿದ್ದೇನಲ್ಲ, ನನಗೆ ಕಟ್ಟಿರಿ ಎಂದು ನಾನೂ ಕೇಳಲಿಲ್ಲ ಎನ್ನಿ. ನಾನು ಈ ಸಲ ಹಲಬರ್ಗಾಕ್ಕೂ ಹೋಗಲಿಲ್ಲ, ಗುಳಿಗೆಯ ಹೊತ್ತು ತಪ್ಪೀತೆಂದು.

ಕಾಲು ಮಾತ್ರ ಒತ್ತಿದಿರೆಂದು ಓದಿ ನನಗೆ ನಿಜವಾಗಿಯೂ ಸಂತೋಷವಾಯಿತು. ಅಂಗಿಯ ಕಾಲರಿಗೆ ಎಣ್ಣೆ ಇತ್ತು. ಹಿಂದಿನ ಕಲೆ ಇರಬೇಕೆಂದು ತೊಳೆದು ಹಾಕಿದೆ. ಆದರೆ ಮೋಟರ್ ಸೈಕಲ್ ಯಾಕೆ ಇರಿಸಿಕೊಂಡಿರಿ? ಆ ದಿನ ಬೀದರದಲ್ಲಿ ಒಂದು ಹನಿ ಮಳೆಯಿಲ್ಲ. ಅದನ್ನು ತರುವ ನೆವದಿಂದ ಅವರು ಮತ್ತೊಮ್ಮೆ ಔರಾದಿಗೆ ಬರಲಿ ಎಂದಲ್ಲವೇ? ಗಾಡಿ ತರಲು ನಮ್ಮ ಮಗ ಪ್ರವೀಣಕುಮಾರ ಬರುತ್ತಾನೆ.

ಮೊನ್ನೆ ಹೈದರಾಬಾದಿನ ಡಾಕ್ಟರು ಫೋನಿನಲ್ಲಿ ವಿಚಾರಿಸಿದರು. ಈ ನಡುವೆ ಬಲಗೈ ಬಲಗಾಲು ಸೋತದ್ದು, ಮಾತು ತೊದಲಿದ್ದು, ಎಡಗಣ್ಣಿಗೆ ಪರದೆ ಬಿದ್ದಂತಾದದ್ದು, ಎರಡೇ ನಿಮಿಷ ಆಗಿ ಬಿಟ್ಟಿದ್ದರೂ ಸರಿ, ಏನಾದರೂ ಆಗಿತ್ತೇ ಎಂದು ಕೇಳಿದರು. ಹಾಗೇನಾದರೂ ಆಗಿದ್ದರೆ ಸಂಗತಿಯೇ ಬದಲಾಗುತ್ತದೆ, ಆಗ ನಾವು ಮಾಡುವ ರೀತಿಯೂ ಬೇರೆ ಎಂದರು. ನಿಮ್ಮ ತಮ್ಮ ಅಲ್ಲೇ ಕೂತಿದ್ದರು. "ಏನಿಲ್ಲ, ಘಟ್ಟಿ ಅದೇನಿ ಅಂತ ಹೇಳು" ಅಂದರು. ನಾನು ಹಾಗೆಯೇ ಹೇಳಿದೆ.

ಇನ್ನು ಹನ್ನೆರಡು ದಿನ. ನೀವು ಹೈದರಾಬಾದಿಗೆ ಬರುವುದೇನೂ ಬೇಡ. ಅಲ್ಲಿ ರೋಗಿಯ ಸಂಗಡ ಒಬ್ಬರನ್ನೇ ಬಿಡುತ್ತಾರೆ.

ಶೈಲಶ್ರೀ


ಔರಾದ
೧೮ ಆಗಸ್ಟ್ ೨೦೨೪

ಶೈಲಶ್ರೀ,

ಈ ಕಾಗದವನ್ನು ನಿಂತಲ್ಲೇ ಓದಿ ಮುಗಿಸು, ಮುಗಿಸಿದ ಕೂಡಲೇ ಹೈದರಾಬಾದಿನ ಡಾಕ್ಟರಿಗೆ ಫೋನು ಹಚ್ಚು. ನನ್ನನ್ನು ಬೈಯುವುದು ಆಮೇಲೆ ಇರಲಿ.

ನಾನು ಕಾಲು ಒತ್ತಲಿಲ್ಲ. ಕುತ್ತಿಗೆಯನ್ನೇ ಒತ್ತಿದೆ. ನೀನು ಬೇಡವೆಂದದ್ದಕ್ಕೇ ಯಾವತ್ತಿಗಿಂತ ಹೆಚ್ಚು ಹೊತ್ತು ಒತ್ತಿದೆ. ಅದು ಮಧ್ಯಾಹ್ನ ಮೂರರ ಸುಮಾರಿಗೆ. ಎಡಗಡೆ ದವಡೆಯ ಕೆಳಗೆ ಹೆಬ್ಬೆರಳು ಇಟ್ಟು ಕೆಳಕ್ಕೆ ಎಳೆದೆ. ಅವನು ಕಣ್ಣು ಮುಚ್ಚಿ "ಹಾಂ ಅಕ್ಕಾ, ಅಲ್ಲೇ" ಅಂದ. ಆಮೇಲೆ ಚಹಾ ಕೊಟ್ಟೆ. ಬಸಿ ಅವನ ಬಲಗೈಯಿಂದ ಜಾರಿ ತೊಡೆಯ ಮೇಲೆ ಬಿತ್ತು. ಬಿಸಿ ಚಹಾ ಬಿದ್ದರೂ ಅವನು ಕೈಯನ್ನೇ ನೋಡುತ್ತ ಕೂತ. ಎತ್ತು ಅಂದೆ, ಎತ್ತಲಾಗಲಿಲ್ಲ. ಏನೋ ಅಂದ, ಬಾಯೊಳಗೆ ಹಿಟ್ಟು ತುಂಬಿಕೊಂಡವನ ಹಾಗೆ. ನನ್ನ ಕಿವಿಗೇ ಕೇಳಿಸುತ್ತಿಲ್ಲ ಎಂದುಕೊಂಡು ಬಾಯಿ ನೋಡಿದೆ. ಬಾಯಿ ಒಂದು ಕಡೆ ಇಳಿದಿತ್ತು. ಹತ್ತು ನಿಮಿಷ ಆಗಿರಬೇಕು. ಆಮೇಲೆ ಬೆರಳು ಆಡಿದವು, ಮಾತು ಬಂತು. ಮೊದಲು ಆಡಿದ ಮಾತು, "ಅಕ್ಕಾ, ಶೈಲಾಗ ಹೇಳಬ್ಯಾಡ. ಆಕಿ ನಿನಗ ಬೈತಾಳ."

ಗಾಡಿ ಇರಿಸಿಕೊಂಡದ್ದು ಅದಕ್ಕೆ. ದಾರಿಯಲ್ಲಿ ಮತ್ತೆ ಕೈ ಸೋತರೆ ಎಂದು ಹೆದರಿದೆ.

ಹೆದರಿದವಳು ಯಾಕೆ ಹೇಳಲಿಲ್ಲ ಎಂದು ಕೇಳುತ್ತೀ. ಹೇಳಿದರೆ ನಿನ್ನ ಮಾತು ಗೆಲ್ಲುತ್ತಿತ್ತು. ಅದೊಂದು. ಇನ್ನೊಂದನ್ನು ಬರೆಯಲು ನಾಚಿಕೆಯಾಗುತ್ತದೆ. ಮದುವೆಯಾದಾಗಿನಿಂದ ಅವನ ಎಲ್ಲ ಸುದ್ದಿಯೂ ನಿನ್ನ ಕೈ ಹಾಯ್ದು ನನಗೆ ಬರುತ್ತಿತ್ತು. ಇಷ್ಟು ವರ್ಷದ ಮೇಲೆ ಒಂದು ಸುದ್ದಿ ನನಗೆ ಗೊತ್ತು, ನಿನಗೆ ಗೊತ್ತಿಲ್ಲ. ಚಿಕ್ಕವನಿದ್ದಾಗ ಸಾಲಿ ತಪ್ಪಿಸಿ ಬಂದು "ಅಪ್ಪಗ ಹೇಳಬ್ಯಾಡ" ಅನ್ನುತ್ತಿದ್ದನಲ್ಲ, ಹಾಗೆಯೇ ಅಂದ. ನನಗೆ ಹಿಗ್ಗಾಯಿತು ಶೈಲಶ್ರೀ. ತಮ್ಮನ ಕೈ ಸೋತದ್ದನ್ನು ಕಣ್ಣಾರೆ ಕಂಡು ಹದಿನಾಲ್ಕು ದಿನ ಹಿಗ್ಗಿನಲ್ಲಿ ಇದ್ದೆ.

ನಿನ್ನ ಕಾಗದದಲ್ಲಿ "ಸಂಗತಿಯೇ ಬದಲಾಗುತ್ತದೆ" ಎಂಬ ಮಾತು ಒಂದು ವಾರ ನನ್ನನ್ನು ಕುಟುಕಿತು. ಇವತ್ತು ಮುಂಜಾನೆ ಮುನೀರೋದ್ದೀನನ ಅಂಗಡಿಗೆ ಹೋದೆ. ಹಿಂದೆ ಹೋದಾಗ ನಿನ್ನ ಮೂರು ಮಾತು ಕೇಳಿದ್ದೆ, ಮೂರೂ ಸುಳ್ಳಾದ ಮೇಲೆ ನಾಲ್ಕನೆಯದನ್ನು ಕೇಳುವ ಗರಜು ಬೀಳಲಿಲ್ಲ. ಇವತ್ತು ಅದನ್ನು ಕೇಳಿದೆ. ಅವನ ಮುಖ ಸಪ್ಪಗಾಯಿತು. "ಕುತ್ತಿಗಿ ನರ ಮುಚ್ಚಿದವ್ರಿಗಿ ಅಲ್ಲಿ ಒತ್ತಿದ್ರ ಒಳಗಿಂದು ಕಿತ್ತು ಸೀದಾ ತಲಿಗಿ ಹೋಗ್ತದ್ರಿ. ಯಾರ ಕುತ್ತಿಗಿ ಒತ್ತೀರಿ ಟೀಚರ್?" ಅಂದ. ಯಾರದೂ ಅಲ್ಲ ಅಂದೆ. "ಯಾರದೂ ಅಲ್ಲಂದ್ರ ಇಷ್ಟು ಮುಂಜಾನಿ ಯಾಕ ಬಂದೀರಿ?" ಅಂದ. ಅವನಿಗೆ ಎಲ್ಲ ಹೇಳಿದೆ. ಇದನ್ನು ಈಗಲೇ ಡಾಕ್ಟರಿಗೆ ತಿಳಿಸದಿದ್ದರೆ ೨೩ಕ್ಕೆ ಅವರು ಗೊತ್ತಿಲ್ಲದೆ ಕೈ ಹಾಕುತ್ತಾರೆ, ಮೇಜಿನ ಮೇಲೆಯೇ ಲಕ್ವ ಹೊಡೆಯಬಹುದು ಎಂದ.

ಅವನೇ ಫೋನು ಹಚ್ಚುತ್ತೇನೆ ಅಂದ, ಆದರೆ ಮಲ್ಲು ಎತ್ತಿದರೆ ಏನಿಲ್ಲ ಎಂದು ಇಟ್ಟುಬಿಡುತ್ತಾನೆ, ನೀನು ಎತ್ತಿದರೆ ಅಂಗಡಿಯವನ ಮಾತು ನಂಬುವುದಿಲ್ಲ, ನನ್ನ ಅಕ್ಷರ ಕಂಡರೆ ನಂಬುತ್ತೀ ಎಂದು ಅವನ ಅಂಗಡಿಯಲ್ಲೇ ಕೂತು ಬರೆಯುತ್ತಿದ್ದೇನೆ. ಹಾವಗೆಪ್ಪ ಬೇರೆ ಸವಾರಿ ಕಾಯದೆ ಹೊರಡುತ್ತಾನೆ. ಡಾಕ್ಟರಿಗೆ ನನ್ನ ಹೆಸರನ್ನೇ ಹೇಳು. ಮಲ್ಲುಗೂ ಹೇಳು. ನೀನು ಈ ಕಾಗದವನ್ನು ಅವನಿಗೆ ತೋರಿಸಿದರೂ ನಾನು ಏನೂ ಅನ್ನುವುದಿಲ್ಲ.

ಸುಂದರಬಾಯಿ


ಬೀದರ
೨೯ ಆಗಸ್ಟ್ ೨೦೨೪

ಅಕ್ಕನವರಿಗೆ,

ಮುನೀರೋದ್ದೀನರಿಗೆ ಫೋನು ಮಾಡಿಸಿದ್ದೆ, ನಿಮ್ಮ ತಮ್ಮ ಬದುಕಿದ್ದಾರೆ ಎಂಬಷ್ಟು ನಿಮಗೆ ತಿಳಿದಿದೆ. ಉಳಿದದ್ದನ್ನು ಬರೆಯುತ್ತೇನೆ.

ನಿಮ್ಮ ಕಾಗದವನ್ನು ಅಡಿಗೆಮನೆಯಲ್ಲಿ ನಿಂತು ಓದಿದೆ. ಸುಳ್ಳು ಯಾಕೆ ಹೇಳಲಿ, ಮೊದಲು ನನಗೆ ಸಂತೋಷವಾಯಿತು. ಮೂವತ್ತಮೂರು ವರ್ಷದ ಮೇಲೆ ನೀವು ತಪ್ಪು ಮಾಡಿದ್ದು ನಿಮ್ಮದೇ ಅಕ್ಷರದಲ್ಲಿ ನನ್ನ ಕೈಗೆ ಬಂದಿತ್ತು. ಆಮೇಲೆ ಬಸಿ ಜಾರಿದ ಮಾತಿಗೆ ಬಂದೆ. ಒಲೆ ಆರಿಸಿ ಉಳಿದದ್ದನ್ನು ಒಂದೇ ಉಸಿರಿಗೆ ಓದಿದೆ. ಡಾಕ್ಟರಿಗೆ ಫೋನು ಹಚ್ಚಿದೆ. ೨೩ರ ತನಕ ಕಾಯಬೇಡಿ, ಈಗಲೇ ಹೊರಡಿರಿ ಎಂದರು. ಪ್ರವೀಣಕುಮಾರ ಕಾರು ತೆಗೆದ.

ಅಲ್ಲಿ ಮತ್ತೆ ಸ್ಕ್ಯಾನ್ ಮಾಡಿದರು. ಹಳೆಯ ಕೊಬ್ಬಿನ ಮೇಲೆ ಹೊಸದಾಗಿ ಹಸಿ ರಕ್ತ ಹೆಪ್ಪುಗಟ್ಟಿ ತೂಗಾಡುತ್ತಿತ್ತಂತೆ. ಡಾಕ್ಟರು ನನಗೆ ಚಿತ್ರ ಬರೆದು ತೋರಿಸಿದರು. ಛತ್ರಿ ಬಿಚ್ಚಬೇಕಾದದ್ದು ಆ ಗಂಟಿನ ಆಚೆಗೆ. ಆಚೆಗೆ ಹೋಗಬೇಕಾದರೆ ಮಡಚಿದ ಛತ್ರಿ ಆ ಗಂಟನ್ನು ಸವರಿಕೊಂಡೇ ಹೋಗಬೇಕು. ಬಿಚ್ಚುವ ಮೊದಲೇ ಹೆಪ್ಪು ಕಿತ್ತು ಮೇಲೆ ಹೋಗುತ್ತಿತ್ತು. ಗೊತ್ತಿಲ್ಲದಿದ್ದರೆ ಅದನ್ನೇ ಮಾಡುತ್ತಿದ್ದೆವು ಎಂದರು.

ಎರಡು ದಿನ ಡ್ರಿಪ್ಪಿನಲ್ಲಿ ಔಷಧಿ ಕೊಟ್ಟು ೨೧ಕ್ಕೆ ಬೇರೆ ರೀತಿಯಲ್ಲಿ ಮಾಡಿದರು. ಗಂಟಿನ ಕೆಳಗೇ ನರಕ್ಕೆ ಒಡ್ಡು ಹಾಕಿ, ಆ ಜಾಗದ ರಕ್ತವನ್ನು ಹಿಂದಕ್ಕೆ ತಿರುಗಿಸಿದರು. ಮೇಲಕ್ಕೆ ಹರಿಯುವ ರಕ್ತವೇ ಇಲ್ಲದ ಮೇಲೆ ಚೂರು ಮೇಲೆ ಹೇಗೆ ಹೋದೀತು? ತಿರುಗಿದ ರಕ್ತ ನಳಿಗೆಯಿಂದ ಹೊರಗೆ ಬಂದು, ಜರಡಿ ಹಾಯ್ದು, ಮತ್ತೆ ತೊಡೆಯ ನರಕ್ಕೆ ಸೇರುತ್ತದೆ. ಏಳು ನಿಮಿಷ ಹಾಗೆ ತಿರುಗಿಸಿಟ್ಟು ಸ್ಟೆಂಟ್ ಕೂರಿಸಿದರು. ಆ ಹೊತ್ತಿನಲ್ಲಿ ಮಿದುಳಿಗೆ ಬಲಗಡೆಯ ನರದಿಂದಲೇ ರಕ್ತ ಸಾಲಬೇಕು. ಸಾಲುತ್ತದೆಯೇ ಎಂದು ತಿಳಿಯಲು ಅವರನ್ನು ಎಚ್ಚರದಲ್ಲೇ ಇಟ್ಟು, ಬಲಗೈಯಲ್ಲಿ ಒತ್ತಿದರೆ ಕೀಂ ಅನ್ನುವ ರಬ್ಬರಿನ ಬಾತುಕೋಳಿ ಕೊಟ್ಟಿದ್ದರಂತೆ. ಕೇಳಿದಾಗೆಲ್ಲ ಒತ್ತಬೇಕು. ಒಳಗಿದ್ದ ಇರಮ ಎಂಬ ನರ್ಸ್ ಹೊರಗೆ ಬಂದು, "ಏಳು ನಿಮಿಷದಾಗ ಒಮ್ಮೀನೂ ತಪ್ಪಿಸಿಲ್ಲ ನೋಡ್ರಿ, ಸಾಕು ಅಂದ್ರೂ ಒತ್ಲಿಕತ್ತಾರ" ಎಂದಳು. ಜರಡಿಯಲ್ಲಿ ಸಿಕ್ಕದ್ದನ್ನು ನನಗೆ ತೋರಿಸಿದರು. ಜೋಳದ ನುಚ್ಚಿನಷ್ಟು ನಾಲ್ಕೈದು ಚೂರು. ಅದರಲ್ಲಿ ಒಂದು ಸಾಕಾಗಿತ್ತು.

ಈಗ ನಿಮಗೆ ನಾನು ಹೇಳಬೇಕಾದದ್ದು. ಡಾಕ್ಟರು ಹೇಳಿದ್ದು ನಾಲ್ಕನೆಯ ಮಾತು ಒಂದೇ. ಮೂರು ನನ್ನವು. ಒಂದನ್ನೇ ಬರೆದರೆ ನೀವು ಮಣಿಯುವುದಿಲ್ಲವೆಂದು ಮೂರು ಸೇರಿಸಿದೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಹಾಗೇನಲ್ಲ. ಅವರನ್ನು ನಿಮ್ಮಿಂದ ಬಿಡಿಸಲು ಡಾಕ್ಟರ ಹೆಸರು ಸಿಕ್ಕಿತ್ತು, ಬಿಡಲು ಮನಸ್ಸು ಬರಲಿಲ್ಲ. ಆ ಮೂರು ಸುಳ್ಳು ಬರೆಯದಿದ್ದರೆ ನೀವು ನಿಜವಾದ ಒಂದನ್ನು ನಂಬುತ್ತಿದ್ದಿರಿ.

ಇನ್ನೊಂದು ಇದೆ. ಕಾರಿನಲ್ಲಿ ಹೋಗುವಾಗ ಅವರು ಕೇಳಿದರು, "ನಿನಗ ಯಾರು ಹೇಳಿದ್ರು? ಅಕ್ಕ ಹೇಳಿದಳೇನು?" ನಿಮ್ಮ ಕಾಗದ ನನ್ನ ಚೀಲದಲ್ಲೇ ಇತ್ತು. ನಾನು, "ಅಕ್ಕಾರು ಯಾಕ ಹೇಳ್ತಾರ್ರಿ? ನೀವು ಚಾ ಎಡಗೈಲೆ ಕುಡಿಲಿಕತ್ತಿದ್ರಿ. ನನಗ ಕಣ್ಣಿಲ್ಲೇನು?" ಅಂದೆ. ಅವರು ಎಡಗೈಯಿಂದ ಕುಡಿದದ್ದೇ ಇಲ್ಲ. ಆದರೂ ನಂಬಿದರು. ಹಾದಿಯುದ್ದಕ್ಕೂ ನನ್ನ ಮುಖ ನೋಡಿದರು. ಮದುವೆಯಾದಾಗಿನಿಂದ ಅಷ್ಟು ಹೊತ್ತು ನೋಡಿರಲಿಲ್ಲ. ಈಗ ಬಂದವರಿಗೆಲ್ಲ "ನಮ್ಮಾಕಿ ಕೈ ನೋಡಿ ತಿಳ್ಕೊಂಡ್ಳು, ಅದಕ್ಕ ಉಳದೇನಿ" ಎಂದು ಹೇಳುತ್ತಾರೆ. ನಿಮ್ಮ ಮಾತು ಬಂದರೆ "ಅಕ್ಕ ನೋಡು, ಹೇಳಬ್ಯಾಡ ಅಂದಿದ್ದೆ, ಜೀವ ಹೋದ್ರೂ ಹೇಳಂಗಿಲ್ಲ ಆಕಿ" ಎಂದು ಹೆಮ್ಮೆ ಪಡುತ್ತಾರೆ.

ನಿಮ್ಮ ಕಾಗದ ತೋರಿಸಿಲ್ಲ. ನಿಮ್ಮ ಮಾನ ಉಳಿಸಲೆಂದು ತಿಳಿಯಬೇಡಿರಿ. ನೀವು ಒತ್ತಿದ್ದು ಅವರಿಗೆ ಗೊತ್ತೇ ಇದೆ, ಅದರಿಂದಲೇ ಕೈ ಸೋತಿತೆಂದು ಅವರು ಒಪ್ಪುವುದೂ ಇಲ್ಲ. ತಿಳಿಯಬೇಕಾದದ್ದು ಇಷ್ಟೇ, ಉಳಿಸಿದ್ದು ಅಕ್ಕ ಎಂದು. ಅದನ್ನು ನಿಮಗೆ ಕೊಡಲು ನನ್ನಿಂದ ಆಗಲಿಲ್ಲ. ನೀವು ಒಪ್ಪಿದರೆ ಹೀಗೇ ಇರಲಿ. ಗುಟ್ಟು ಕಾಯ್ದವರು ನೀವು, ನೋಡಿ ತಿಳಿದವಳು ನಾನು. ಇಬ್ಬರಿಗೂ ಒಂದೊಂದು ಬಂತು.

ಶೈಲಶ್ರೀ


ಔರಾದ
೧ ಸೆಪ್ಟೆಂಬರ್ ೨೦೨೪

ಶೈಲಾ,

ನಿನ್ನ ಕಾಗದ ಓದಿ ಮೊದಲು ಒಪ್ಪಿಕೊಂಡೆ. "ಜೀವ ಹೋದ್ರೂ ಹೇಳಂಗಿಲ್ಲ ಆಕಿ" ಎಂಬ ಸಾಲನ್ನು ನಾಲ್ಕು ಸಲ ಓದಿದೆ. ಬಹಳ ಸಿಹಿ ಹತ್ತಿತು. ಈ ಮಾತು ಕೇಳಲು ನಾನು ಅರವತ್ತೊಂಬತ್ತು ವರ್ಷ ಬದುಕಿದ್ದೇನೆ ಅನ್ನಿಸಿತು.

ಐದನೆಯ ಸಲ ಓದುವಾಗ ಹೆದರಿಕೆಯಾಯಿತು. ಬಲಗಡೆಯ ನರ ಇನ್ನೂ ಇದೆ. ಮುಂದೆ ಒಂದು ದಿನ ಅವನ ಎಡಗೈ ಸೋತರೆ ಏನು ಮಾಡುತ್ತಾನೆ? ಅಕ್ಕ ಹೇಳುವುದಿಲ್ಲ ಎಂದು ನನ್ನ ಕಡೆ ಬಂದು ಬಚ್ಚಿಡುತ್ತಾನೆ. ನಿನಗಂತೂ ಹೇಳುವುದೇ ಇಲ್ಲ. ಶೈಲಾ ಹೇಳದೆಯೇ ತಿಳಿಯುತ್ತಾಳೆ, ಅವಳಿಗೆ ತಿಳಿಯಲಿಲ್ಲ ಅಂದರೆ ಏನೂ ಆಗಿಲ್ಲ ಎಂದು ಸುಮ್ಮನಿರುತ್ತಾನೆ. ನಮ್ಮಿಬ್ಬರಿಗೂ ಒಂದೊಂದು ಬಂತು ಅಂದೆಯಲ್ಲ, ಆ ಎರಡೂ ಸೇರಿ ಅವನನ್ನು ಕೊಲ್ಲುತ್ತವೆ. ಹಾಗಾಗಿ ನನ್ನದನ್ನು ಬಿಡುತ್ತಿದ್ದೇನೆ, ನಿನ್ನದನ್ನೂ ಕಿತ್ತುಕೊಳ್ಳುತ್ತಿದ್ದೇನೆ. ಸಿಟ್ಟಾಗು, ಪರವಾಗಿಲ್ಲ.

ಈ ಹಾಳೆಯ ಹಿಂಬದಿ ಅವನಿಗೆ ಬರೆದದ್ದು. ಅವನ ಕೈಗೆ ಕೊಡು.

ಮಲ್ಲು,

ನಿನ್ನ ಕೈ ಸೋತದ್ದನ್ನು ಶೈಲಾ ನೋಡಲಿಲ್ಲ. ಕಾಗದ ಬರೆದು ಹೇಳಿದವಳು ನಾನು. ಅದನ್ನೂ ತಡಮಾಡಿ ಹೇಳಿದೆ. ನೀನು ಬೇಡ ಅಂದಿದ್ದಕ್ಕೆ ಹದಿನಾಲ್ಕು ದಿನ ಬಾಯಿ ಮುಚ್ಚಿಕೊಂಡಿದ್ದೆ. ಆ ಹದಿನಾಲ್ಕು ದಿನ ನಿನ್ನ ಕುತ್ತಿಗೆಯಲ್ಲಿ ಸಾವು ಕೂತಿತ್ತು. ಅದನ್ನು ಅಲ್ಲಿ ಎಬ್ಬಿಸಿದ್ದೂ ನನ್ನ ಹೆಬ್ಬೆರಳೇ, ನೀನು ಒಪ್ಪಿದರೂ ಸರಿ, ಬಿಟ್ಟರೂ ಸರಿ. ಶೈಲಾ ಆ ಕಾಗದ ಓದಿ ಒಂದು ಗಳಿಗೆ ತಡಮಾಡಲಿಲ್ಲ. ಉಳಿಸಿದ್ದು ಆ ಅವಸರ.

ಇನ್ನು ಮೇಲೆ ನಿನ್ನ ಯಾವ ಗುಟ್ಟನ್ನೂ ನನಗೆ ತರಬೇಡ. ತಂದರೆ ಅದೇ ದಿನ ಬೀದರಕ್ಕೆ ಬರೆದು ಕಳಿಸುತ್ತೇನೆ. ಕೈ ಸೋತರೆ, ಮಾತು ತೊದಲಿದರೆ, ಕಣ್ಣಿಗೆ ಪರದೆ ಬಿದ್ದರೆ, ನಿಂತ ಜಾಗದಲ್ಲೇ ಹೆಂಡತಿಗೆ ಹೇಳು. ಅವಳಿಗೆ ತಾನಾಗಿ ತಿಳಿಯುವುದಿಲ್ಲ, ಯಾರಿಗೂ ತಿಳಿಯುವುದಿಲ್ಲ, ನೀನೇ ಬಾಯಿ ಬಿಟ್ಟು ಹೇಳಬೇಕು. ನನಗಿಂತ ಮೊದಲು ಅವಳಿಗೆ ಹೇಳು ಎಂದು ಬರೆಯುವಾಗ ನನಗೆ ಈಗಲೂ ಹೊಟ್ಟೆ ಉರಿಯುತ್ತಿದೆ. ಆದರೂ ಬರೆದಿದ್ದೇನೆ.

ಶೈಲಾ ಇದನ್ನು ನಿನಗೆ ಕೊಟ್ಟಳೋ ಇಲ್ಲವೋ ನನಗೆ ತಿಳಿಯಬೇಕು. ಎರಡು ಸಾಲು ಬರೆದು ಕಳಿಸು. ಬಲಗೈಯಿಂದ ಬರೆ.

ನಿನ್ನ ಅಕ್ಕ